ಬಾಯಿಪಾಠದ ಸಾಲು

ಗೊರಗುಂಟೆಪಾಳ್ಯದ ಸಿಗ್ನಲ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಸಮುದಾಯ ಭವನ. ಸೈನಿಕರ, ಮಾಜಿ ಸೈನಿಕರ ಮನೆಯವರಿಗಾಗಿ ಭಾನುವಾರದ ಉಚಿತ ಕನ್ನಡಕ ಶಿಬಿರ. ಊಟದ ಬಿಡುವಿನಲ್ಲಿ ಇಬ್ಬರು ಮಾತಾಡುತ್ತಿದ್ದಾರೆ. ಒಬ್ಬರು ವಾಯುಪಡೆಯಲ್ಲಿ ಸಾರ್ಜೆಂಟ್ ಆಗಿ ನಿವೃತ್ತರಾದವರ ಹೆಂಡತಿ, ಇಲ್ಲಿನ ಹಳೆಯ ಸ್ವಯಂಸೇವಕಿ. ಇನ್ನೊಬ್ಬಳು ಆಪ್ಟೊಮೆಟ್ರಿ ಓದುತ್ತಿರುವ ಶಿರಾ ಕಡೆಯ ಹುಡುಗಿ.

— ಆಂಟಿ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮಿಲಿಟರಿಯವರಿಗೆ ಎಲ್ಲಾ ಫ್ರೀ ಇದ್ದೇ ಇರುತ್ತಲ್ವಾ? ಕ್ಯಾಂಟೀನ್ ಇದೆ, ಆಸ್ಪತ್ರೆ ಇದೆ, ಪೆನ್ಶನ್ ಇದೆ. ಅಂಥವರಿಗೆ ನಾವು ಯಾಕೆ ಕನ್ನಡಕ ಹಂಚಬೇಕು? ಇಲ್ಲೇ ಪಕ್ಕದ ಪೀಣ್ಯದಲ್ಲಿ ಗಾರ್ಮೆಂಟ್ಸ್ ಹೆಂಗಸರು ಸೂಜಿಗೆ ದಾರ ಪೋಣಿಸಕ್ಕಾಗದೆ ಒದ್ದಾಡ್ತಿದಾರೆ. ಅವರಿಗೆ ಮಾಡಬಹುದಿತ್ತು.

— ಬೇಜಾರೇನು ಬಂತು, ನಮ್ಮ ನಾದಿನೀನೂ ಇದನ್ನೇ ಕೇಳ್ತಾಳೆ. ಬೆಳಿಗ್ಗೆ ನಿನ್ನ ಮುಂದೆ ಹಸಿರು ಸೀರೆ ಉಟ್ಕೊಂಡು ಕೂತಿದ್ರಲ್ಲ, ಅವರು ಪೀಣ್ಯದ ಗಾರ್ಮೆಂಟ್ಸ್‌ನಲ್ಲೇ ಟೈಲರ್. ಗಂಡ ಸೈನ್ಯದಲ್ಲಿ ನಾಯಕ್ ಆಗಿದ್ದೋರು, ಈಗ ಹೆಸರಘಟ್ಟ ರಸ್ತೆಯ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಸೆಕ್ಯೂರಿಟಿ. ಅವರು ಬೇರೆ ಇವರು ಬೇರೆ ಅಂತ ನೀನು ಅಂದ್ಕೊಂಡಿದೀಯ. ಈ ಕಡೆ ಎಷ್ಟೋ ಮನೆಗಳಲ್ಲಿ ಅವರೇ ಇವರು.

— ಪೆನ್ಶನ್ ಬಂದ್ರೂ ಸೆಕ್ಯೂರಿಟಿ ಕೆಲಸನಾ?

— ಲೆಕ್ಕ ಹಾಕಿ ನೋಡು. ಏರ್‌ಮ್ಯಾನ್ ಆಗಿ ಸೇರ್ತಿದ್ದ ಹುಡುಗನಿಗೆ ಮೊದಲ ಕರಾರು 20 ವರ್ಷದ್ದಿತ್ತು. 19ಕ್ಕೆ ಸೇರಿದೋನು 39ಕ್ಕೆ ಹೊರಗೆ. ಸೈನ್ಯದ ಸಿಪಾಯಿಗಳಲ್ಲಿ ಎಷ್ಟೋ ಜನ ಅದಕ್ಕೂ ಮುಂಚೆ ಬಂದಿರ್ತಾರೆ. ಮಕ್ಕಳು ಆಗಿನ್ನೂ ಎಂಟನೇ ಕ್ಲಾಸೋ ಹತ್ತನೇ ಕ್ಲಾಸೋ. ಪೆನ್ಶನ್ ಬಾಡಿಗೆಗೆ, ಅಕ್ಕಿ ಬೇಳೆಗೆ ಸರಿಹೋಗುತ್ತೆ. ಕಾಲೇಜ್ ಫೀಸಿಗೆ ಎರಡನೇ ನೌಕರಿ ಬೇಕು. ಈಗ ನೀನು ಹೇಳು, ಚಾಳೀಸು ಎಷ್ಟಕ್ಕೆ ಶುರು ಆಗುತ್ತೆ?

— ನಲವತ್ತರ ಆಸುಪಾಸು. ಕಣ್ಣೊಳಗಿನ ಮಸೂರ ವಯಸ್ಸಾದ ಹಾಗೆ ಗಟ್ಟಿಯಾಗ್ತಾ ಬರುತ್ತೆ, ಹತ್ತಿರದ್ದು ಮಬ್ಬಾಗುತ್ತೆ. ಮೊದಲು +1 ಸಾಕು, ಐವತ್ತರ ಹೊತ್ತಿಗೆ +2ರ ಹತ್ತಿರ, ಅರವತ್ತಕ್ಕೆ +2.5. ಯಾರನ್ನೂ ಬಿಡೋದಲ್ಲ ಅದು.

— ಅಂದ್ರೆ ಫೌಜು ಮನೆಗೆ ಕಳಿಸೋದೂ ಕಣ್ಣು ಕೈಕೊಡೋದೂ ಒಂದೇ ಹೊತ್ತಿಗೆ. ಹೊಸ ಕೆಲಸಕ್ಕೆ ಹೋದ ದಿನವೇ ಕೈಗೆ ರಿಜಿಸ್ಟರ್ ಕೊಡ್ತಾರೆ. ಗಾಡಿ ನಂಬರ್, ಫ್ಲಾಟ್ ನಂಬರ್, ಬಂದ ಟೈಮು, ಹೋದ ಟೈಮು. ಗೇಟ್ ಹತ್ರ ರಾತ್ರಿ ಇರೋ ಬೆಳಕು ನಿನಗೆ ಗೊತ್ತು. ಗಡಿಯಲ್ಲಿ ದೂರದ ಗುಡ್ಡ ನೋಡ್ತಾ ನಿಂತಿದ್ದ ಮನುಷ್ಯ ಇಲ್ಲಿ ಮೂಗಿನ ಕೆಳಗಿನ ಸಾಲು ಓದಕ್ಕಾಗದೆ ಬಯ್ಸಿಕೊಳ್ತಾನೆ.

— ಆದ್ರೂ ಇಸಿಎಚ್‌ಎಸ್ ಅಂತ ಮಾಜಿ ಸೈನಿಕರ ಆರೋಗ್ಯ ಸ್ಕೀಮ್ ಇದೆಯಲ್ಲ ಆಂಟಿ. ಕಾರ್ಡ್ ತೋರಿಸಿದ್ರೆ ಆಯ್ತು.

— ಇದೆ. 2003ರ ಏಪ್ರಿಲ್‌ನಲ್ಲಿ ಬಂತು, ಒಳ್ಳೇ ಸ್ಕೀಮು. ನಮ್ಮನೆಯವರ ಬೈಪಾಸ್ ಆಗಿದ್ದು ಅದರಲ್ಲೇ, ನಾನು ಅದನ್ನ ಹಳಿಯಲ್ಲ. ಆದರೆ ಕಾರ್ಡ್ ಯಾರಿಗೆ? ಪೆನ್ಶನರ್, ಹೆಂಡತಿ, ಕೆಲಸಕ್ಕೆ ಸೇರದ 25ರೊಳಗಿನ ಮಗ, ಮದುವೆ ಆಗದ ಮಗಳು, ಅವಲಂಬಿತ ತಂದೆ ತಾಯಿ. ಮನೆಯಲ್ಲಿರೋರು ಯಾರ್ಯಾರು? 26 ದಾಟಿ ಇನ್ನೂ ಕೆಲಸ ಹುಡುಕ್ತಿರೋ ಮಗ. ಹಳ್ಳಿಯಲ್ಲಿ ನೋಡ್ಕೊಳ್ಳೋರಿಲ್ಲ ಅಂತ ಕರ್ಕೊಂಡು ಬಂದ ಅತ್ತೆ. ಅತ್ತೆ ಅಂದ್ರೆ ಅವನ ಹೆಂಡತಿ ತಾಯಿ. ಅವರಿಬ್ಬರ ಹೆಸರೂ ಕಾರ್ಡ್‌ನಲ್ಲಿ ಇರಲ್ಲ. ಹೆಸರಿದ್ದೋರೂ ಕನ್ನಡಕಕ್ಕೋಸ್ಕರ ಪಾಲಿಕ್ಲಿನಿಕ್‌ಗೆ ಹೋಗಲ್ಲ ಕಣಮ್ಮ. ಒಂದು ದಿನದ ಸಂಬಳ ಹೋಗುತ್ತೆ. ಎದೆನೋವು ಅಂದ್ರೆ ಓಡ್ತಾರೆ. ಹತ್ತಿರದ್ದು ಕಾಣಲ್ಲ ಅನ್ನೋದನ್ನ ಕಾಯಿಲೆ ಅಂತ ಯಾರು ಎಣಿಸ್ತಾರೆ?

— ಅದನ್ನ ಎಣಿಸಿದೋರಿದಾರೆ. ನಮಗೆ ಪಾಠದಲ್ಲೇ ಇತ್ತು. ಅಸ್ಸಾಮಿನ ಟೀ ತೋಟದಲ್ಲಿ ನಲವತ್ತು ದಾಟಿದ 751 ಕೂಲಿಯವರನ್ನ ತಗೊಂಡು, ಅರ್ಧ ಜನಕ್ಕೆ ಹತ್ತಿರದ ಕನ್ನಡಕ ಮೊದಲೇ ಕೊಟ್ರು, ಇನ್ನರ್ಧಕ್ಕೆ ಅಧ್ಯಯನ ಮುಗಿದ ಮೇಲೆ. ಕನ್ನಡಕ ಹಾಕಿದೋರು ಕಿತ್ತ ಎಲೆ ಸುಮಾರು ಶೇಕಡ 22ರಷ್ಟು ಜಾಸ್ತಿ. 2018ರಲ್ಲಿ ಲ್ಯಾನ್ಸೆಟ್‌ನವರು ಪ್ರಕಟಿಸಿದ್ರು. ಬಾಂಗ್ಲಾದೇಶದಲ್ಲೂ ಅಂಥದ್ದೇ ಮಾಡಿದ್ರು, 2024ರಲ್ಲಿ ಬಂತು. ಅಲ್ಲಿ ಸಂಪಾದನೆಯೇ ಶೇಕಡ 33 ಏರಿತ್ತು. ಪ್ರಪಂಚದಲ್ಲಿ 82 ಕೋಟಿಗೂ ಹೆಚ್ಚು ಜನಕ್ಕೆ ಚಾಳೀಸಿನ ಕನ್ನಡಕ ಸಿಕ್ಕಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿ.

— ನಿನ್ನ ಪ್ರಶ್ನೆಗೆ ನೀನೇ ಉತ್ತರ ಕೊಟ್ಟೆ. ಮೊಸರನ್ನ ತಿನ್ನು, ಆರಿಹೋಗುತ್ತೆ.

— ಮೊಸರನ್ನ ಆರೋದೇನು ಆಂಟಿ! ಸರಿ, ಬೆಳಿಗ್ಗೆ ಆಗಿದ್ದು ಹೇಳ್ತೀನಿ. ಒಬ್ಬ ತಾತ ಬಂದ್ರು, ಸುಬೇದಾರ್ ಆಗಿದ್ದೋರಂತೆ. ಕುರ್ಚಿ ಕೊಟ್ರೆ ಕೂರಲ್ಲ, ನಿಂತೇ ಓದ್ತೀನಿ ಅಂದ್ರು. ಸ್ನೆಲ್ಲನ್ ಚಾರ್ಟ್‌ನ ಮೇಲಿಂದ ಕೆಳಗಿನವರೆಗೂ ತಡವರಿಸದೆ ಒಪ್ಪಿಸಿಬಿಟ್ರು. 6/6! ನಾನು ಬರ್ದೂಬಿಟ್ಟಿದ್ದೆ. ಆಮೇಲೆ ಟಾರ್ಚ್ ಬಿಟ್ಟು ನೋಡಿದ್ರೆ ಎರಡೂ ಕಣ್ಣಲ್ಲಿ ಪೊರೆ. ಇಷ್ಟು ಪೊರೆ ಇಟ್ಕೊಂಡು ಕೊನೇ ಸಾಲು ಹೇಗೆ ಓದಿದ್ರು? ಅನುಮಾನ ಬಂದು ಇ ಚಾರ್ಟ್ ಹಾಕ್ದೆ. ಅಕ್ಷರದ ಬಾಯಿ ಯಾವ ಕಡೆ ಇದೆ, ಬೆರಳಲ್ಲಿ ತೋರಿಸಿ ಅಂದೆ. ಮೂರನೇ ಸಾಲಿಗೇ ನಿಂತರು.

— ಸರದಿಯಲ್ಲಿ ನಿಂತಿದ್ದಾಗ ಮುಂದಿನೋರು ಓದೋದನ್ನ ಕೇಳಿಸ್ಕೊಂಡಿರ್ತಾರೆ. ಅವರು ಹಾಗೇ ಮಾಡೋದು.

— ಆದರೆ ಯಾಕೆ? ಕನ್ನಡಕ ಬೇಕು ಅಂತಲೇ ತಾನೆ ಬಂದಿರೋದು. ಪರೀಕ್ಷೆಯಲ್ಲಿ ಪಾಸಾಗಿಬಿಟ್ರೆ ಕನ್ನಡಕ ಸಿಗಲ್ಲ ಅನ್ನೋದು ಗೊತ್ತಾಗಲ್ವಾ?

— ಅದು ಗೊತ್ತಾಗೋದು ಬುದ್ಧಿಗೆ. ಚಾರ್ಟ್ ಮುಂದೆ ನಿಂತಾಗ ಓದೋದು ಬುದ್ಧಿಯಲ್ಲ. ಸೈನ್ಯದಲ್ಲಿ ಶೇಪ್ ಅಂತ ಇದೆ, ಕೇಳಿದೀಯಾ? ಮನಸ್ಸು, ಕಿವಿ, ಕೈಕಾಲು, ದೇಹ, ಕಣ್ಣು, ಐದಕ್ಕೂ ಬೇರೆ ಬೇರೆ ದರ್ಜೆ. ಐದರಲ್ಲೂ ಒಂದಿದ್ರೆ ಶೇಪ್ ಒನ್. ಒಂದು ಇಳಿದ್ರೂ ಕೆಟಗರಿ ಇಳೀತು ಅಂತಾರೆ. ಬಡ್ತಿಗೆ ತೊಂದರೆ, ಪೋಸ್ಟಿಂಗ್‌ಗೆ ತೊಂದರೆ. ಸೇರೋವಾಗ ಕಣ್ಣು ನೋಡಿದ್ರು, ಸೇರಿದ ಮೇಲೂ ಆಗಾಗ ನೋಡ್ತಾ ಬಂದ್ರು. ಅವರ ಆಯುಷ್ಯದಲ್ಲಿ ಆ ಚಾರ್ಟ್ ಯಾವತ್ತೂ ಸಹಾಯ ಮಾಡಕ್ಕೆ ಬಂದಿದ್ದಲ್ಲ, ಅನ್ನ ಕಿತ್ಕೊಳ್ಳಕ್ಕೆ ಬಂದಿದ್ದು. ಇವತ್ತು ನೀನು ಬಿಳಿ ಕೋಟ್ ಹಾಕ್ಕೊಂಡು ಅದೇ ಚಾರ್ಟ್ ತೋರಿಸಿ ಓದಿ ಅಂದ್ರೆ, ಎಪ್ಪತ್ತರ ಮನುಷ್ಯನೂ ಇಪ್ಪತ್ತರ ಜವಾನ ಆಗಿಬಿಡ್ತಾನೆ.

— ನಮಗೆ ಕಾಲೇಜಲ್ಲಿ ಹೇಳಿಕೊಟ್ಟಿರೋದು ಉಲ್ಟಾ. ಕಾಣ್ತಿದ್ರೂ ಕಾಣಲ್ಲ ಅನ್ನೋರನ್ನ ಹಿಡಿಯೋದು ಹೇಗೆ ಅಂತ. ಸ್ಕೂಲ್ ಮಕ್ಕಳು ಫ್ಯಾಶನ್‌ಗೆ ಕನ್ನಡಕ ಬೇಕು ಅಂತ ಸುಳ್ಳು ಹೇಳ್ತವೆ.

— ಇಲ್ಲಿ ಕಾಣಲ್ಲ ಅಂತ ಅವರ ಬಾಯಿಂದ ಬರಿಸೋದೇ ಅರ್ಧ ಕೆಲಸ. ಲೆನ್ಸ್ ನಿನಗೆ ಗೊತ್ತು, ನನಗೆ ಅದರ ತಲೆಬುಡ ತಿಳಿಯಲ್ಲ. ನಾನು ಬಾಗಿಲಲ್ಲಿ ಕೂತು ಹೆಸರು ಬರೀತಾ ಬೇರೆ ಕೇಳ್ತೀನಿ. ಫೋನ್‌ಗೆ ಓಟಿಪಿ ಬಂದ್ರೆ ಯಾರು ಓದ್ತಾರೆ ಅಂತೀನಿ. ಪೆನ್ಶನ್ ಎಲ್ಲಾ ಸ್ಪರ್ಶ್ ಪೋರ್ಟಲ್‌ಗೆ ಹೋಯ್ತಲ್ಲ, ಪ್ರತಿಯೊಂದಕ್ಕೂ ಓಟಿಪಿ. ಮೊಮ್ಮಗ ಓದ್ತಾನೆ ಅಂತ ಕೆಲವರು, ಮೆಡಿಕಲ್ ಶಾಪ್ ಹುಡುಗನ ಕೈಗೆ ಫೋನ್ ಕೊಡ್ತೀನಿ ಅಂತ ಇನ್ನು ಕೆಲವರು. ಆಗ ಅವರ ಚೀಟಿ ಮೇಲೆ ಒಂದು ಚುಕ್ಕೆ ಇಡ್ತೀನಿ. ಚುಕ್ಕೆ ಇದ್ರೆ ನೀನು 6/6 ನಂಬಬೇಡ.

— ಆ ಚುಕ್ಕೆ ಅದಕ್ಕಾ! ಪೆನ್ ಚೆಲ್ಲಿದೆ ಅಂದ್ಕೊಂಡಿದ್ದೆ. ಸುಬೇದಾರ್ ತಾತನ ಚೀಟಿ ಮೇಲೂ ಇತ್ತು.

— ಇತ್ತು. ಹೆಂಗಸರಿಗೆ ಬೇರೆ ಪ್ರಶ್ನೆ: ಅಕ್ಕಿ ಆರಿಸೋದು ಯಾರು, ಮಾತ್ರೆ ಹಿಂದಿನ ತಾರೀಖು ನೋಡೋದು ಯಾರು. ಮಕ್ಕಳಿಗೆ ಕ್ಲಾಸ್‌ನಲ್ಲಿ ಎಷ್ಟನೇ ಬೆಂಚು ಅಂತ. ಮಕ್ಕಳದ್ದು ಬೇರೇನೇ ಕತೆ. ನಮ್ಮದು ಅಂಬಾಲ, ತಾಂಬರಂ, ಜೋರ್ಹಾಟ್ ಎಲ್ಲಾ ಸುತ್ತಿ ಜಾಲಹಳ್ಳಿಗೆ ಬಂದ ಸಂಸಾರ. ಮೂರು ನಾಲ್ಕು ವರ್ಷಕ್ಕೊಂದು ಹೊಸ ಶಾಲೆ, ವರ್ಷದ ಮಧ್ಯದಲ್ಲಿ ಹೊಸ ಹುಡುಗಿಗೆ ಜಾಗ ಸಿಗೋದು ಕೊನೇ ಬೆಂಚಲ್ಲಿ. ಬೋರ್ಡ್ ಕಾಣಲ್ಲ ಅಂತ ಮೇಷ್ಟ್ರಿಗೆ ಹೊಳೆಯೋ ಹೊತ್ತಿಗೆ ಮತ್ತೆ ವರ್ಗ. ಹೊಸ ಮೇಷ್ಟ್ರು ಮೊದಲಿಂದ ಶುರು: ಹುಡುಗಿ ದಡ್ಡಿ, ಇಂಗ್ಲಿಷ್ ವೀಕು. ಒಂದೇ ಊರಲ್ಲಿ ಬೆಳೆದ ಮಗುವಿನ ಕಣ್ಣನ್ನ ಯಾರೋ ಒಬ್ಬರು ನಾಲ್ಕು ವರ್ಷ ನೋಡ್ತಾ ಇರ್ತಾರೆ. ನಮ್ಮ ಮಕ್ಕಳಿಗೆ ಆ ಯಾರೋ ಒಬ್ಬರು ಇಲ್ಲ.

— ಮಕ್ಕಳು ಅಂದಾಗ ನೆನಪಾಯ್ತು. ನೀಲಿ ಟೀಶರ್ಟ್ ಹುಡುಗನ ಅಮ್ಮ ನನ್ನ ಪಕ್ಕಕ್ಕೆ ಕರೆದು, ಇದನ್ನ ಪುಸ್ತಕದಲ್ಲಿ ಬರೀಬೇಡಿ ಮೇಡಂ ಅಂದ್ರು. ಅವನಿಗೆ ಎರಡೂ ಕಣ್ಣು -1.75. ಸೈನ್ಯದ ಭರ್ತಿ ರ‍್ಯಾಲಿಗೆ ಓಡ್ತಾ ಇದಾನಂತೆ, ದಿನಾ ಬೆಳಿಗ್ಗೆ ಮತ್ತಿಕೆರೆಯ ಜೆ.ಪಿ. ಪಾರ್ಕ್‌ನಲ್ಲಿ. ಅಪ್ಪ ಸೈನ್ಯದಲ್ಲಿದ್ದೋರು, ಮಗನೂ ಹೋಗಬೇಕು ಅಂತ ಆಸೆ. ಕನ್ನಡಕ ಹಾಕಿದ್ರೆ ನಂಬರ್ ಏರುತ್ತೆ ಅಂತ ಇಷ್ಟು ದಿನ ತಪಾಸಣೆಗೇ ಕರ್ಕೊಂಡು ಬಂದಿಲ್ಲ. ಕಣ್ಣಿನ ವ್ಯಾಯಾಮ, ಕ್ಯಾರೆಟ್ಟು, ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಯೋದು.

— ನೀನೇನಂದೆ?

— ಕನ್ನಡಕ ಹಾಕಿದ್ರೆ ನಂಬರ್ ಏರಲ್ಲ, ಹಾಕದಿದ್ರೆ ಇಳಿಯೋದೂ ಇಲ್ಲ ಅಂತ ಹೇಳ್ದೆ. ಕಣ್ಣುಗುಡ್ಡೆ ಉದ್ದ ಬೆಳೆದುಬಿಟ್ಟಿದೆ, ಕ್ಯಾರೆಟ್ ತಿಂದ್ರೆ ಗಿಡ್ಡ ಆಗಲ್ಲ. ಪುಸ್ತಕದಲ್ಲೂ ಬರ್ದೆ. ಬರೀದೆ ಹೇಗೆ ಆಂಟಿ? ಲೆನ್ಸ್ ಆರ್ಡರ್ ಹೋಗಬೇಕಲ್ಲ.

— ಸರಿ ಮಾಡ್ದೆ. ನಮ್ಮ ಪುಸ್ತಕ ನಮ್ಮ ಬೀರುವಿನಲ್ಲೇ ಇರುತ್ತೆ, ಯಾವ ಆಫೀಸಿಗೂ ಹೋಗಲ್ಲ ಅಂತ ಅವರಮ್ಮನಿಗೆ ನಾನು ಹೇಳ್ತೀನಿ. ಹುಡುಗನಿಗೆ ಹೇಳಬೇಕಾದ್ದು ಬೇರೆ. ಕನ್ನಡಕ ಇದ್ದೋರನ್ನ ತಗೊಳ್ಳೋ ಹುದ್ದೆಗಳೂ ಫೌಜಿನಲ್ಲಿವೆ, ಒಂದೊಂದು ಹುದ್ದೆಗೆ ಒಂದೊಂದು ನಿಯಮ. ಆ ನಿಯಮ ಮೊದಲೇ ಓದ್ಕೊಂಡ್ರೆ ರ‍್ಯಾಲಿ ಮೈದಾನದಲ್ಲಿ ಓಟ ಗೆದ್ದು ಚಾರ್ಟ್ ಮುಂದೆ ಸೋಲೋದು ತಪ್ಪುತ್ತೆ. ಓಟ ಗೆದ್ದು ಸೋತ ಹುಡುಗರ ಮುಖ ನಾನು ನೋಡಿದೀನಿ. ಅದು ಬೇಡ.

— ನನಗೆ ಕಷ್ಟ ಆಗೋದು ಕನ್ನಡಕ ನಿಮಗೆ ಉಪಯೋಗ ಇಲ್ಲ ಅಂತ ಹೇಳೋದು. ಸುಬೇದಾರ್ ತಾತನಿಗೆ ಪೊರೆ, ಆಪರೇಶನ್ನೇ ಆಗಬೇಕು. ಇನ್ನೊಬ್ಬರಿಗೆ ಸಕ್ಕರೆ ಮುನ್ನೂರು. ಸಕ್ಕರೆ ಏರಿಳಿದಾಗ ಕಣ್ಣಿನ ನಂಬರೂ ಏರಿಳಿಯುತ್ತೆ, ಇವತ್ತು ಅಳೆದು ಮಾಡಿಸಿದ ಕನ್ನಡಕ ಮುಂದಿನ ತಿಂಗಳು ದಂಡ. ಅವರು ಒಪ್ಪಲೇ ಇಲ್ಲ. ಎಲ್ಲರಿಗೂ ಕೊಡ್ತಿದೀರ, ನನಗೆ ಮಾತ್ರ ಇಲ್ವಾ ಅಂತ ಜೋರು.

— ಬರಿಗೈಲಿ ಕಳಿಸಬಾರದು, ಚೀಟಿ ಕೊಟ್ಟು ಕಳಿಸಬೇಕು. ಕಾರ್ಡ್ ಇದ್ದೋರಿಗೆ ಪಾಲಿಕ್ಲಿನಿಕ್, ಇಲ್ಲದೋರಿಗೆ ಮಿಂಟೋ. ಮಿಂಟೋ ಅಂದ್ರೆ ದೂರ ಅಂತಾರೆ, ಈಗ ಮೆಟ್ರೋ ಇದೆಯಲ್ಲ, ಇಲ್ಲೇ ಹತ್ತಿ ಮೆಜೆಸ್ಟಿಕ್ ದಾಟಿ ಇಳಿದ್ರಾಯ್ತು. 1896ರಿಂದ ಇರೋ ಆಸ್ಪತ್ರೆ ಅದು, ಈಗಿನ ಕಟ್ಟಡ 1913ರದ್ದು. ನಮ್ಮ ಶಿಬಿರಕ್ಕಿಂತ ಎಷ್ಟೋ ಹಿರಿದು ಅಂತ ಹೇಳು, ಗೌರವ ಬರುತ್ತೆ.

— ಈ ಕಡೆ ಮೋದಿ ಆಸ್ಪತ್ರೆ ಇದೆಯಲ್ಲ, ಮಹಾಲಕ್ಷ್ಮಿಪುರದಲ್ಲಿ.

— ಡಾಕ್ಟರ್ ಎಂ.ಸಿ. ಮೋದಿ ಅವರದ್ದು. ಬೀಳಗಿ ಕಡೆಯೋರು. ಕಣ್ಣು ಕೊಟ್ಟ ಅಣ್ಣ ಅಂತಿದ್ರು ಜನ. ಊರೂರಿಗೆ ಹೋಗಿ ಕ್ಯಾಂಪ್ ಹಾಕಿ, ಒಂದೇ ದಿನ 833 ಆಪರೇಶನ್ ಮಾಡಿದ ದಾಖಲೆ ಅವರದ್ದು. 2005ರಲ್ಲಿ ತೀರಿಹೋದ್ರು. ಉಚಿತ ಕಣ್ಣಿನ ಕ್ಯಾಂಪ್ ಅಂದ್ರೆ ನಮ್ಮ ಕಾಲದೋರಿಗೆ ಅವರೇ.

— ಒಂದು ಯೋಚನೆ ಬಂತು ಆಂಟಿ. ಆ ಕಾಲದಲ್ಲಿ ಪೊರೆ ತೆಗೆದ ಮೇಲೆ ಒಳಗೆ ಲೆನ್ಸ್ ಕೂರಿಸ್ತಿರಲಿಲ್ಲ. ನಮ್ಮಲ್ಲಿ ಅದು ಎಲ್ಲ ಕಡೆ ಹರಡಿದ್ದು 1990ರ ದಶಕದಲ್ಲಿ. ಅದಕ್ಕೆ ಮುಂಚೆ ಆಪರೇಶನ್ ಆದೋರಿಗೆಲ್ಲ +10ರ ಆಸುಪಾಸಿನ ದಪ್ಪ ಕನ್ನಡಕ ಬೇಕೇ ಬೇಕಿತ್ತು. ಸೋಡಾ ಬುಡ್ಡಿ ಅಂತಿದ್ರಲ್ಲ, ಅದೇ. ಆ ಕನ್ನಡಕ ಕಳೆದುಹೋದ್ರೆ, ಒಡೆದುಹೋದ್ರೆ, ಆಪರೇಶನ್ ಆಗಿದ್ರೂ ಕುರುಡೇ. ಅಂದ್ರೆ 833 ಜನರ ಮೂಗಿಗೆ ಕನ್ನಡಕ ಕೂರಿಸಿದೋರು ಯಾರೋ ಇದ್ದಿರಬೇಕಲ್ಲ? ಅವರ ಹೆಸರು ಎಲ್ಲೂ ಇಲ್ಲ.

— ನಮ್ಮಂಥೋರು ಇದ್ದಿರ್ತಾರೆ ಬಿಡು. ಹೆಸರು ಯಾರಿಗೆ ಬೇಕು. ಅಲ್ಲ, ಬೇಕು ಅನ್ಸುತ್ತೆ ಒಂದೊಂದ್ಸಲ.

— ಬೇಕಾಗೇ ಬೇಕು. ನಮ್ಮ ಬ್ಯಾನರ್ ನೋಡಿ, ದಾನಿಗಳ ಫೋಟೋನೇ ಆರು. ಬೆಳಿಗ್ಗೆ ಅವರ ಜೊತೆ ಫೋಟೋಗೆ ಅಂತ ಆ ಹಸಿರು ಸೀರೆಯವರನ್ನ ನಿಲ್ಲಿಸ್ಕೊಂಡು, ಅವರ ಮುಖಕ್ಕೆ ಯಾವುದೋ ಒಂದು ಫ್ರೇಮ್ ಹಾಕಿಬಿಟ್ರು. ಪವರೇ ಇಲ್ಲದ ಡೆಮೋ ಫ್ರೇಮು.

— ಅದನ್ನ ಮುಂದಿನ ಸಲ ಬಿಡಲ್ಲ. ಫೋಟೋ ಬೇಕಾದ್ರೆ ನಮ್ಮದು ತೆಗೀಲಿ. ನಮ್ಮಪ್ಪ ಸಂಸ್ಕೃತ ಮೇಷ್ಟ್ರು, ಕನ್ನಡಕದ ಬಗ್ಗೆ ಒಂದು ವಿಷಯ ಹೇಳ್ತಿದ್ರು. ಕೃಷ್ಣದೇವರಾಯನ ಕಾಲದ ವ್ಯಾಸರಾಯರ ಚರಿತ್ರೆಯನ್ನ ಸೋಮನಾಥ ಅಂತ ಕವಿ ಬರೆದಿದಾನೆ, ವ್ಯಾಸಯೋಗಿಚರಿತ. ಅದರಲ್ಲಿ ಗುರುಗಳು ಓದುವಾಗ ಕನ್ನಡಕ ಹಾಕ್ಕೊಂಡಿದ್ರು ಅಂತ ಬರುತ್ತಂತೆ. ಪಿ.ಕೆ. ಗೋಡೆ ಅನ್ನೋ ವಿದ್ವಾಂಸರು ಅದನ್ನ ಎತ್ತಿ ತೋರಿಸಿದ್ರು. ನೋಡು, ಕೃಷ್ಣದೇವರಾಯನ ಕಾಲಕ್ಕೇ ಹಂಪಿಗೆ ಬಂದ ವಸ್ತು ಗೊರಗುಂಟೆಪಾಳ್ಯಕ್ಕೆ ತಲುಪಕ್ಕೆ ಐನೂರು ವರ್ಷ ಸಾಲಲಿಲ್ಲ. ನೂರಿನ್ನೂರು ರೂಪಾಯಿಗೆ ಫುಟ್‌ಪಾತಲ್ಲಿ ಸಿಗುತ್ತೆ, ಆದರೂ ತಲುಪಲಿಲ್ಲ.

— ಫುಟ್‌ಪಾತ್ ರೀಡರ್ಸ್ ಬಗ್ಗೆ ನಮ್ಮ ಮೇಷ್ಟ್ರು ಬೈತಾರೆ. ನನಗೇನೋ ಅಷ್ಟು ಕೋಪ ಇಲ್ಲ. ಬರೀ ಚಾಳೀಸು ಇದ್ದು, ಎರಡೂ ಕಣ್ಣು ಒಂದೇ ಥರ ಇದ್ರೆ ಅದೇ ಸಾಕು. ನಾವು ಇಲ್ಲಿ ಅಲ್ಲೇ ಕೈಗೆ ಕೊಡ್ತಿರೋದೂ ರೆಡಿಮೇಡೇ ತಾನೆ. ಸಿಲಿಂಡರ್ ಇದ್ದೋರಿಗೆ, ಎರಡು ಕಣ್ಣಿಗೆ ಎರಡು ನಂಬರ್ ಇದ್ದೋರಿಗೆ ಮಾತ್ರ ಲ್ಯಾಬಿಗೆ ಹೋಗಬೇಕು. ಬೈಫೋಕಲ್ ಮಾತ್ರ ಹುಷಾರಾಗಿ ಕೊಡಬೇಕು. ಮೊದಲ ವಾರ ಮೆಟ್ಟಿಲು ಇಳಿವಾಗ ಕೆಳಗಿನ ಭಾಗದಲ್ಲಿ ನೋಡ್ತಾರೆ, ಮೆಟ್ಟಿಲು ಇದ್ದ ಕಡೆ ಇರಲ್ಲ, ಬೀಳ್ತಾರೆ. ಬಿದ್ದೋರು ಮತ್ತೆ ಹಾಕಲ್ಲ, ಟಿವಿ ಮೇಲಿಡ್ತಾರೆ.

— ಟಿವಿ ಮೇಲೆ ಹೋಗೋ ಕನ್ನಡಕದಲ್ಲಿ ಅರ್ಧ ನಂಬರ್ ತಪ್ಪಾಗಿ ಹೋಗಿದ್ದಲ್ಲ ಕಣಮ್ಮ, ಮುಖಕ್ಕೆ ಒಪ್ಪದೆ ಹೋಗಿದ್ದು. ಹಿಂದೆ ಒಂದು ಕಡೆ ಶಿಬಿರಕ್ಕೆ ಹೋಗಿದ್ದೆ, ಎಲ್ಲರಿಗೂ ಒಂದೇ ಕಂದು ಬಣ್ಣದ ಚೌಕದ ಫ್ರೇಮು. ಕಾಲೇಜ್ ಹುಡುಗಿಗೂ ಅದೇ, ಅಜ್ಜಿಗೂ ಅದೇ. ದೂರದಿಂದ ನೋಡಿದ್ರೆ ಗೊತ್ತಾಗ್ತಿತ್ತು, ಇವರು ಉಚಿತದೋರು ಅಂತ. ಅದಕ್ಕೇ ನಾನು ಹಟ ಹಿಡಿದು ಮೇಜಿನ ಮೇಲೆ ಕನ್ನಡಿ ಇಡಿಸಿದ್ದು, ಹನ್ನೆರಡು ಥರ ಫ್ರೇಮ್ ತರಿಸಿದ್ದು. ಖರ್ಚು ಜಾಸ್ತಿ ಅಂತ ಕಮಿಟಿಯಲ್ಲಿ ಗೊಣಗಿದ್ರು. ಗೊಣಗಲಿ. ಆ ವೀರನಾರಿ, ಹುತಾತ್ಮ ಯೋಧರ ಹೆಂಡತಿ, ಬಂದಿದ್ರಲ್ಲ, ಎಷ್ಟು ಹೊತ್ತು ಕನ್ನಡಿ ಮುಂದೆ ಇದ್ರು ನೋಡಿದ್ಯಾ?

— ನೇರಳೆ ಫ್ರೇಮ್ ತಗೊಂಡ್ರು. ಸೊಸೆ ಬೇಡ ಬೇಡ ಅಂದ್ರೂ.

— ತಗೊಳ್ಳಲಿ. ಗಂಡ ಹೋದ ಮೇಲೆ ಅವರಿಗೆ ಯಾವ ಬಣ್ಣ ಅಂತ ಯಾರೂ ಕೇಳಿರಲಿಲ್ಲ ಅಂತ ಕಾಣುತ್ತೆ.

— ಬಾಗಿಲಲ್ಲಿ ಯಾರೋ ಬಂದಿದಾರೆ ಆಂಟಿ. ಎರಡು ಗಂಟೆಗೆ ಅಂದಿದ್ವಿ, ಇನ್ನೂ ಹತ್ತು ನಿಮಿಷ ಇದೆ.

— ತುಮಕೂರು ಬಸ್ಸಿಗೆ ಬಂದಿರಬೇಕು, ಕೈಯಲ್ಲಿ ಚೀಲ ನೋಡು. ಒಳಗೆ ಕರಿ. ಕೈ ತೊಳ್ಕೊಂಡು ಬರ್ತೀನಿ.

— ಆಂಟಿ, ಇವರ ಹತ್ರ ಕಾರ್ಡ್ ಇಲ್ಲ. ಮಗ ಅಗ್ನಿವೀರ್ ಅಂತೆ, ಮುಂದಿನ ವರ್ಷ ನಾಲ್ಕು ವರ್ಷ ಮುಗಿಯುತ್ತಂತೆ. ಹೆಚ್ಚಂದ್ರೆ ನಾಲ್ಕರಲ್ಲಿ ಒಬ್ಬರನ್ನ ಉಳಿಸ್ಕೊಳ್ತಾರಲ್ಲ, ಮಿಕ್ಕೋರಿಗೆ ಪೆನ್ಶನ್ನೂ ಇಲ್ಲ, ಇಸಿಎಚ್‌ಎಸ್ಸೂ ಇಲ್ಲ. ನಮ್ಮ ಫಾರಂನಲ್ಲಿ ಸೇವೆಯಲ್ಲಿರುವವರು, ಮಾಜಿ ಸೈನಿಕರು, ವೀರನಾರಿ ಅಂತ ಮೂರೇ ಕಾಲಂ. ಈಗೇನೋ ಸೇವೆಯಲ್ಲಿರುವವರು ಅಂತ ಬರೀಬಹುದು. ಮುಂದಿನ ವರ್ಷ ನಂಬರ್ ಬದಲಾಯ್ತು ಅಂತ ವಾಪಸ್ ಬಂದ್ರೆ?

— ಮುಂದಿನ ವರ್ಷ ಬಂದಾಗ ನಾಲ್ಕನೇ ಕಾಲಂ ಎಳೆಯೋಣ, ಸ್ಕೇಲ್ ನನ್ನ ಬ್ಯಾಗಲ್ಲೇ ಇರುತ್ತೆ. ಬನ್ನಿ ಅಮ್ಮ, ಕೂತ್ಕೊಳ್ಳಿ, ನೀರು ಕುಡೀರಿ. ಮಗ ಫೋನ್‌ನಲ್ಲಿ ಮೆಸೇಜ್ ಕಳಿಸಿದ್ರೆ ಮನೇಲಿ ಯಾರು ಓದ್ತಾರೆ?